ಮಿಲಿಮೀಟರಿನ ಪಂಚಾಯ್ತಿ

ನಂದಿಬೆಟ್ಟ ಹತ್ತುವುದು ಕಾಲಿನ ಕೆಲಸವಾದರೆ ಇಳಿಯುವುದು ಬೆರಳಿನದು. ಮಲ್ಲೇಶ್ವರದ ಸವಾರರೊಬ್ಬರ ಸೈಕಲ್ಲಿಗೆ ಟಗರಿನ ಕೊಂಬಿನಂತೆ ಬಾಗಿದ ಡ್ರಾಪ್ ಹ್ಯಾಂಡಲ್. ಇಳಿಜಾರು ಬಂದ ಕೂಡಲೇ ಅವರ ಕೈ ಕೆಳಬಾಗಿಗೆ ಇಳಿಯುತ್ತದೆ. ಮೇಲಿನ ರಬ್ಬರ್ ಹೊದಿಕೆಯ ಮೇಲೆ ಕೈಯಿಟ್ಟರೆ ಬೆರಳು ಬ್ರೇಕ್ ಲಿವರಿನ ಕೀಲಿಗೆ ತೀರಾ ಹತ್ತಿರ, ಹಿಂಡಿ ಹಿಂಡಿ ಸಾಕಾಗುತ್ತದೆ. ಕೆಳಗಿನಿಂದಾದರೆ ಲಿವರಿನ ತುದಿ ಸಿಗುತ್ತದೆ, ಎರಡು ಬೆರಳು ಧಾರಾಳ. ತಿರುವಿನಲ್ಲಿ ಮಂಗಗಳು ಅಡ್ಡ ಬರುವ ರಸ್ತೆಯಲ್ಲಿ ಇದೇನು ಸಣ್ಣ ವ್ಯತ್ಯಾಸವಲ್ಲ.

ಅವರ ತಾತನ ರ್‍ಯಾಲಿ ಸೈಕಲ್ಲಿಗೆ ಬ್ರೇಕ್ ವೈರೇ ಇರಲಿಲ್ಲ. ಹ್ಯಾಂಡಲ್ಲಿನಿಂದ ಚಕ್ರದವರೆಗೂ ರಾಡುಗಳು. ಲಿವರ್ ಎಳೆದರೆ ರಬ್ಬರುಗಳು ಕಡ್ಡಿಗಳ ಕಡೆಯಿಂದ ರಿಮ್ಮಿನ ಒಳಮೈಗೆ ಒತ್ತಿಕೊಳ್ಳುತ್ತಿದ್ದವು. ಉಕ್ಕಿನ ರಿಮ್ಮು ಮಳೆಯಲ್ಲಿ ನೆನೆದರೆ ದೇವರೇ ಗತಿ. ತಾತ ಚಪ್ಪಲಿಗಾಲನ್ನೇ ನೆಲಕ್ಕೆ ಉಜ್ಜಿ ನಿಲ್ಲಿಸುತ್ತಿದ್ದರು.

ಕೊಳವೆಯೊಳಗೆ ಜಾರುವ ತಂತಿಗೆ 1896ರಲ್ಲಿ ಪೇಟೆಂಟ್ ಪಡೆದವರು ಅರ್ನೆಸ್ಟ್ ಬೌಡನ್. ರ್‍ಯಾಲಿ ಕಂಪನಿಯನ್ನು ಕಟ್ಟಿ ಬೆಳೆಸಿದವರು ಫ್ರಾಂಕ್ ಬೌಡನ್. ತಂತಿಯ ಕೀರ್ತಿಯನ್ನು ಎಷ್ಟೋ ಜನ ಈ ಎರಡನೆಯವರ ತಲೆಗೇ ಕಟ್ಟುತ್ತಾರೆ. ಅವರ ಕಂಪನಿಯೋ, ರಾಡ್ ಬ್ರೇಕಿನ ಸೈಕಲ್ಲುಗಳನ್ನು ದಶಕಗಟ್ಟಲೆ ಮಾರಿತು!

ವೈರಿನ ಔಟರ್ ಎಂದರೆ ಪ್ಲಾಸ್ಟಿಕ್ ಹೊದ್ದ ಉಕ್ಕಿನ ಸುರುಳಿ. ತುದಿ ಓರೆಯಾಗಿ ತುಂಡಾದರೆ ಲಿವರ್ ಮೆತ್ತಗಾಗುತ್ತದೆ, ಅರ ಹಾಕಿ ಸಮ ಮಾಡಲೇಬೇಕು. ಗೇರಿನ ಔಟರ್ ಇಲ್ಲಿಗೆ ಬೇಡವೇ ಬೇಡ. ಅದರೊಳಗಿನ ಎಳೆಗಳು ಉದ್ದುದ್ದಕ್ಕೆ ಇರುವುದರಿಂದ ಬ್ರೇಕಿನ ಬಲಕ್ಕೆ ಸೀಳಿಹೋಗಬಹುದು.

ಇನ್ನು ರಬ್ಬರು ಕೂರಿಸುವ ಪಂಚಾಯ್ತಿ. ಮೊದಲು ಚಕ್ರದ ಬೆಂಡ್ ತೆಗೆದಿರಬೇಕು, ಓಲಾಡುವ ರಿಮ್ಮಿಗೆ ಯಾವ ಸೆಟ್ಟಿಂಗೂ ಒಗ್ಗದು. ರಬ್ಬರು ಮೇಲಾದರೆ ಟೈರನ್ನು ಕೊರೆಯುತ್ತದೆ. ಕೆಳಗಾದರೆ ಸವೆಯದೆ ಉಳಿದ ಅಂಚು ಬೆಳೆದು ರಿಮ್ಮಿನಡಿ ಸಿಕ್ಕಿಕೊಳ್ಳುತ್ತದೆ. ಎರಡರ ನಡುವೆ ಸರಿಯಾಗಿ ಕೂತರೂ ಕಿರುಚಾಟ ನಿಲ್ಲದಿದ್ದರೆ, ಮುಂದಿನ ತುದಿ ಕೂದಲೆಳೆಯಷ್ಟು ಮೊದಲು ರಿಮ್ ಮುಟ್ಟುವಂತೆ ಓರೆ ಮಾಡಬೇಕು. ಹಿಂದಿನ ತುದಿಯಡಿ ಒಂದು ವಿಸಿಟಿಂಗ್ ಕಾರ್ಡ್ ಸಿಕ್ಕಿಸಿ, ಲಿವರ್ ಹಿಂಡಿ ಹಿಡಿದು, ಅಲೆನ್ ಕೀಯಿಂದ ಬೋಲ್ಟ್ ಬಿಗಿ ಮಾಡಿದರಾಯಿತು. ಇನ್ಶೂರೆನ್ಸ್ ಏಜೆಂಟರ ದಯೆಯಿಂದ ಸವಾರರ ಮನೆಯಲ್ಲಿ ಕಾರ್ಡುಗಳಿಗೆ ಬರವಿಲ್ಲ. ಬರ ಇರುವುದು ಕೈಗಳಿಗೆ. ಬೋಲ್ಟ್ ತಿರುಗಿದಂತೆ ರಬ್ಬರೂ ಜೊತೆಗೇ ತಿರುಗಲು ಹೊರಡುತ್ತದೆ, ಅದನ್ನೂ ಅದುಮಿ ಹಿಡಿಯಬೇಕು.

“ಪುಟ್ಟೀ, ಲಿವರ್ ಸ್ವಲ್ಪ ಹಿಡ್ಕೊಳ್ಳೇ.”

“ಅಂಗಡೀಗೆ ಕೊಡಬಾರ್ದಾ ಅಪ್ಪಾ?”

ಕೊಡಬಹುದು. ಆದರೆ ವೈರನ್ನು ಇಷ್ಟೇ ಎಳೆದು ಕಟ್ಟು ಎಂದು ಬೆರಳಿಗೆ ಗೊತ್ತಿರುವುದನ್ನು ಬಾಯಲ್ಲಿ ಹೇಳುವುದು ಕಷ್ಟ.

ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ರಸ್ತೆ ರೇಸುಗಳಲ್ಲಿ ರಿಮ್ಮನ್ನು ಮುಟ್ಟದ ಡಿಸ್ಕ್ ಬ್ರೇಕಿಗೆ ಪೂರ್ಣ ಒಪ್ಪಿಗೆ ಕೊಟ್ಟಿದ್ದು 2018ರಲ್ಲಿ. ಹಾಗಿದ್ದೂ 2020ರ ಟೂರ್ ದ ಫ್ರಾನ್ಸ್ ಅನ್ನು ತಡೇಯ್ ಪೊಗಾಚಾರ್ ಇಂಥ ರಿಮ್ ಬ್ರೇಕಿನಲ್ಲೇ ಗೆದ್ದರು. ಮಳೆಯಲ್ಲಿ ಡಿಸ್ಕೇ ಮೇಲೆಂದು ನಮ್ಮ ಸವಾರರೂ ಒಪ್ಪುತ್ತಾರೆ, ಹೊಸ ಸೈಕಲ್ ಕೊಳ್ಳುವವರಿಗೆ ಅದನ್ನೇ ಹೇಳುತ್ತಾರೆ. ತಮ್ಮ ಸೈಕಲ್ಲಿನ ರಬ್ಬರಿಗೆ ಹೊಕ್ಕ ಅಲ್ಯುಮಿನಿಯಂ ಚೂರುಗಳನ್ನು ಮಾತ್ರ ಪಿನ್ನಿನಿಂದ ಕೆದಕಿ ತೆಗೆಯುತ್ತಾರೆ. ಆಮೇಲೆ ರಿಮ್ಮಿನ ಸವೆತದ ಗುರುತನ್ನು ಉಗುರಿನಿಂದ ತಡವಿ ನೋಡುತ್ತಾರೆ. ಅದು ಅಳಿಸಿಹೋದ ದಿನ ರಿಮ್ಮನ್ನೇ ಬದಲಿಸಬೇಕು.