ಹಂಡೆಯ ನೀರೂ ಘಟ್ಟದ ದಾರಿಯೂ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಡೆಯ ಹಳೆಯ ಮನೆಗಳನ್ನು ಕಂಡವರಿಗೆ ಒಂದು ಸಂಗತಿ ಹೊಸದಲ್ಲ. ಆ ಮನೆಗಳ ಜಗಲಿ ದೊಡ್ಡದು; ಅಂಗಳ ಅದಕ್ಕಿಂತ ದೊಡ್ಡದು; ಅಡಕೆ ಒಣಗಿಸುವ ಅಟ್ಟವಂತೂ ಇನ್ನೂ ದೊಡ್ಡದು. ಆದರೆ ಆ ಮನೆಯ ಮಕ್ಕಳೆಲ್ಲ ಹುಟ್ಟಿದ ಕೋಣೆ ಮಾತ್ರ ಎಲ್ಲಕ್ಕಿಂತ ಚಿಕ್ಕದು, ಎಲ್ಲಕ್ಕಿಂತ ಕತ್ತಲೆಯದು. ಗಾಳಿ ಬಡಿಯಬಾರದೆಂದು ಕಿಟಕಿಯನ್ನು ಮುಚ್ಚಿ, ದೃಷ್ಟಿ ತಾಗಬಾರದೆಂದು ಬಾಗಿಲನ್ನು ಮರೆಮಾಡಿ, ಪುರುಡು ಕಳೆಯುವವರೆಗೆ ಯಾರೂ ಮುಟ್ಟಬಾರದೆಂದು ಬೇರೆಯಿರಿಸಿದ ಕೋಣೆ ಅದು. ಮನೆತನ ಬೆಳೆಯುವುದು ಆ ಕೋಣೆಯಿಂದಲೇ ಆದರೂ ಮನೆಯ ಗಂಡಸರು ಅದರ ಹೊಸ್ತಿಲನ್ನು ದಾಟಿದ್ದಿಲ್ಲ; ಅಲ್ಲಿ ನಡೆದುದೇನೆಂದು ಕೇಳಿದ್ದೂ ಇಲ್ಲ.

ಆ ಕೋಣೆಗೆ ಒಡತಿ ಸೂಲಗಿತ್ತಿ. ಹಗಲಾಗಲಿ ರಾತ್ರಿಯಾಗಲಿ, ದೊಂದಿ ಹಿಡಿದು ಕರೆಯಲು ಬಂದವನ ಹಿಂದೆ ಹೊರಟು, ತೋಟದ ಏರಿಯ ಮೇಲೆ ಜಾರದಂತೆ ನಡೆದು ಬರುತ್ತಿದ್ದ ಹೆಂಗಸು. ಅಕ್ಷರ ಕಲಿತವಳಲ್ಲ. ಅಜ್ಜಿಯ ಜೊತೆಗೋ ಅತ್ತೆಯ ಜೊತೆಗೋ ಹೋಗಿ ಕಣ್ಣಿನಿಂದ, ಬೆರಳಿನಿಂದ ಕಲಿತವಳು. ಹೊಟ್ಟೆಯ ಮೇಲೆ ಅಂಗೈಯಿಟ್ಟು ಮಗುವಿನ ತಲೆ ಎಲ್ಲಿದೆ, ಬೆನ್ನು ಎಲ್ಲಿದೆ ಎಂದು ತಿಳಿಯುವ ವಿದ್ಯೆ ಅವಳದು. ಅವಳು ಬಂದ ಕೂಡಲೇ ಬಚ್ಚಲೊಲೆಗೆ ಕಟ್ಟಿಗೆ ಬೀಳುತ್ತಿತ್ತು. ಹಂಡೆಯ ನೀರು ಕಾಯುತ್ತಿತ್ತು. ಕೂಲಿ ಕೇಳುವ ಪದ್ಧತಿ ಇರಲಿಲ್ಲ. ಕೊಟ್ಟದ್ದು ಅಕ್ಕಿ, ಕಾಯಿ, ಒಂದು ಸೀರೆ. ಆದರೆ ಹಬ್ಬದ ದಿನ ಬಂದರೆ ಅಂಗಳದಲ್ಲಿಯೇ ನಿಲ್ಲಿಸಿ ಮಾತನಾಡಿಸುವ ಮನೆಗಳೂ ಇದ್ದವು. ಜೀವ ಹೋಗುವ ಹೊತ್ತಿಗೆ ಒಳಕೋಣೆಗೆ ಬೇಕಾದವಳು ಹಬ್ಬದ ಹೊತ್ತಿಗೆ ಹೊರಗಿನವಳಾಗುತ್ತಿದ್ದಳು. ಮಲೆನಾಡಿಗೆ ಮಾತ್ರ ಸಂದ ಮಾತಲ್ಲ ಇದು. ದೇಶದ ತುಂಬ ಹೀಗೆಯೇ ಇತ್ತು.

ಮನೆಯ ಹೆರಿಗೆಯನ್ನು ನೆನೆಯುವ ಹಿರಿಯ ಹೆಂಗಸರು ಇಂದಿಗೂ ಮೊದಲು ಹೇಳುವುದು ಅದರ ಸುಖವನ್ನು. ಸುಖವೆಂದರೆ ನೋವಿಲ್ಲದ ಸುಖವಲ್ಲ. ಪರಿಚಿತ ದನಿಗಳ ಸುಖ. ತಾಯಿ ತಲೆಯ ಬಳಿ ಕುಳಿತಿರುತ್ತಾಳೆ. ಚಿಕ್ಕಮ್ಮ ಸೊಂಟಕ್ಕೆ ಎಣ್ಣೆ ತಿಕ್ಕುತ್ತಾಳೆ. ಬೇನೆ ಬಂದಾಗ ಎದ್ದು ಓಡಾಡಬಹುದು, ಕಂಬವನ್ನು ತಬ್ಬಿ ನಿಲ್ಲಬಹುದು, ಕುಕ್ಕುರುಗಾಲಲ್ಲಿ ಕೂರಬಹುದು. ಹೀಗೆಯೇ ಮಲಗು ಎಂದು ಗದರಿಸುವವರಿಲ್ಲ. ಸೂಲಗಿತ್ತಿ ಹಾಡುತ್ತಾಳೆ, ಬೈಯುತ್ತಾಳೆ, ನಗಿಸುತ್ತಾಳೆ. ವೈದ್ಯಶಾಸ್ತ್ರ ಇದನ್ನು ಬಹುಕಾಲ ಅಜ್ಞಾನವೆಂದು ತಳ್ಳಿಹಾಕಿತ್ತು. ಆದರೆ ೨೦೧೮ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಸವಕಾಲದ ಆರೈಕೆಯ ಬಗ್ಗೆ ಹೊರಡಿಸಿದ ಸೂಚನೆಗಳಲ್ಲಿ, ಹೆರುವ ಹೆಂಗಸಿಗೆ ಅವಳು ಬಯಸಿದ ಒಬ್ಬ ಸಂಗಾತಿ ಹತ್ತಿರವಿರಬೇಕು, ಅವಳು ಓಡಾಡಲು ಅಡ್ಡಿಯಿರಬಾರದು, ತನಗೊಪ್ಪುವ ಭಂಗಿಯಲ್ಲಿ ಹೆರಲು ಅವಳಿಗೆ ಅವಕಾಶವಿರಬೇಕು ಎಂದು ಹೇಳಿತು. ಕತ್ತಲೆಯ ಕೋಣೆಯ ಒಂದು ಭಾಗದ ವಿದ್ಯೆ ಹೀಗೆ ಬೆಳಕಿಗೆ ಬಂದಿತು.

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಸತ್ಯವನ್ನಷ್ಟೇ ಹೇಳಿದಂತಾಗುತ್ತದೆ. ಹಳೆಯ ಮನೆಗಳ ವಂಶಾವಳಿಯನ್ನು ಬಿಡಿಸಿ ನೋಡಿದರೆ ಉಳಿದರ್ಧ ಕಾಣುತ್ತದೆ. ಒಬ್ಬ ಗಂಡಸಿನ ಹೆಸರಿನ ಮುಂದೆ ಮೊದಲ ಹೆಂಡತಿ, ಎರಡನೆಯ ಹೆಂಡತಿ, ಕೆಲವೆಡೆ ಮೂರನೆಯ ಹೆಂಡತಿ. ಮೊದಲನೆಯವಳು ಏನಾದಳೆಂದು ಕೇಳಿದರೆ ‘ಬಾಣಂತನದಲ್ಲಿ ಹೋದಳು’ ಎಂಬ ಎರಡೇ ಮಾತು. ಚಿಕ್ಕಮ್ಮನನ್ನೇ ಅಮ್ಮನೆಂದು ಕರೆದು ಬೆಳೆದ ಮಕ್ಕಳು ಎಷ್ಟು ಮನೆಗಳಲ್ಲಿ ಇರಲಿಲ್ಲ! ಮನೆಯ ಹೆರಿಗೆಯ ಸುಖವನ್ನು ಹೇಳುವ ಹಿರಿಯರೆಲ್ಲ ಬದುಕಿ ಉಳಿದವರು. ಉಳಿಯದವರ ಸಾಕ್ಷ್ಯವನ್ನು ಕೇಳಿದವರು ಯಾರು?

ಹುಟ್ಟಿದ ಮಗುವಿಗೂ ಅಪಾಯವಿತ್ತು. ಹೊಕ್ಕುಳಬಳ್ಳಿಯನ್ನು ಕುಡುಗೋಲಿನಿಂದಲೋ ಬಿದಿರಿನ ಸೀಳಿನಿಂದಲೋ ಕೊಯ್ದು, ಬೂದಿಯನ್ನೋ ಸಗಣಿಯನ್ನೋ ಮೆತ್ತುವುದು ದೇಶದ ಅನೇಕ ಕಡೆ ರೂಢಿಯಲ್ಲಿತ್ತು. ಹೀಗೆ ಮೆತ್ತಿದ ಕೆಲವೇ ದಿನಗಳಲ್ಲಿ ಮಗುವಿನ ದವಡೆ ಕಟ್ಟಿ, ಮೈ ಬಿಲ್ಲಿನಂತೆ ಬಾಗಿದರೆ ಅದನ್ನು ಗಾಳಿಯೆಂದೋ ಗ್ರಹಚಾರವೆಂದೋ ಎಣಿಸುತ್ತಿದ್ದರು. ಅದು ಧನುರ್ವಾಯು. ಚುಚ್ಚುಮದ್ದು, ಶುದ್ಧವಾದ ಕೈ, ಹೊಸ ಅಲಗು, ಕುದಿಸಿದ ದಾರ ಇವುಗಳಿಂದ ತಪ್ಪಿಸಬಹುದಾದ ಸಾವು. ಈ ರೋಗವು ತಾಯಂದಿರಲ್ಲಿಯೂ ನವಜಾತ ಶಿಶುಗಳಲ್ಲಿಯೂ ನಿವಾರಣೆಯಾಗಿದೆ ಎಂದು ಭಾರತದ ಮಟ್ಟಿಗೆ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ್ದು ೨೦೧೫ರಲ್ಲಿ.

ಆದರೆ ಶುದ್ಧವಾದ ಕೈಗೂ ಹೊಸ ಅಲಗಿಗೂ ಬಗ್ಗದ ಶತ್ರು ಒಂದಿದೆ. ಅದು ರಕ್ತಸ್ರಾವ. ದಿನ ತುಂಬಿದ ಬಸುರಿಯ ಗರ್ಭಕೋಶದ ಮೂಲಕ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಗು ಹುಟ್ಟಿ ಮಾಸು ಬಿದ್ದ ಮೇಲೆ ಗರ್ಭಕೋಶ ಮುಷ್ಟಿ ಬಿಗಿದಂತೆ ಕುಗ್ಗಬೇಕು. ಕುಗ್ಗಿದಾಗ ಅದರ ಸ್ನಾಯುಗಳೇ ತೆರೆದ ರಕ್ತನಾಳಗಳನ್ನು ಹಿಂಡಿ ಮುಚ್ಚುತ್ತವೆ. ಅದು ಕುಗ್ಗಲಿಲ್ಲವೆಂದರೆ, ಎರಡು ಗಂಟೆಯೊಳಗೆ ಆರೋಗ್ಯವಂತ ಹೆಂಗಸೂ ಸಾಯಬಹುದು. ರಕ್ತ ಮೊದಲೇ ಕಡಿಮೆ ಇರುವವಳಿಗೆ ಅಷ್ಟು ಹೊತ್ತೂ ಬೇಡ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಬಸುರಿಯರಲ್ಲಿ ನೂರಕ್ಕೆ ಸುಮಾರು ೪೫ ಮಂದಿಗೆ ರಕ್ತಹೀನತೆ ಇತ್ತು. ಇನ್ನೂ ಕಷ್ಟದ ಮಾತೆಂದರೆ, ಯಾರಿಗೆ ಹೀಗಾಗುವುದೆಂದು ಮುಂದಾಗಿ ಹೇಳಲು ಬಾರದು. ನಾಲ್ಕು ಮಕ್ಕಳನ್ನು ಸುಲಭವಾಗಿ ಹೆತ್ತವಳಿಗೆ ಐದನೆಯದರಲ್ಲಿ ಆಗಬಹುದು. ಸೂಲಗಿತ್ತಿಯ ಕೈ ಎಷ್ಟೇ ಚತುರವಾಗಿದ್ದರೂ ಅದರಲ್ಲಿ ರಕ್ತದ ಬಾಟಲಿ ಇರಲಿಲ್ಲ.

ಆದುದರಿಂದ ಹೆರಿಗೆಯ ಸುರಕ್ಷತೆಯನ್ನು ಮನೆಯ ಗೋಡೆಗಳ ನಡುವೆ ಹುಡುಕುವುದು ವ್ಯರ್ಥ. ಅದು ಇರುವುದು ಮನೆಯಿಂದ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ. ಈ ಮೂರು ತಾಲೂಕುಗಳಲ್ಲಿ ಆ ದಾರಿ ಎಂತಹುದೆಂಬುದನ್ನು ಬಲ್ಲವರೇ ಬಲ್ಲರು. ಊರೆಂದರೆ ಒಂದೆಡೆ ಗುಂಪಾಗಿ ಕಟ್ಟಿದ ಮನೆಗಳಲ್ಲ. ತೋಟಕ್ಕೊಂದು ಮನೆ, ಕಣಿವೆಗೊಂದು ಮನೆ. ಮಳೆಗಾಲದಲ್ಲಿ ಹಳ್ಳ ದಾಟಲು ಅಡಕೆ ಮರದ ಕಾಲುಸಂಕ. ಯಲ್ಲಾಪುರದ ಕಾಡಂಚಿನ ಸಿದ್ದಿಯರ ಕೇರಿಗಳಿಂದ, ಗೌಳಿವಾಡಗಳಿಂದ ನೋವು ತಿನ್ನುವವಳನ್ನು ಕಂಬಳಿಯ ಜೋಲಿಯಲ್ಲಿ ಮಲಗಿಸಿ, ಬಡಿಗೆಗೆ ಕಟ್ಟಿ, ಹೆಗಲ ಮೇಲೆ ಹೊತ್ತು ರಸ್ತೆ ಮುಟ್ಟಿಸಬೇಕಾದ ಪ್ರಸಂಗಗಳು ಈಚಿನ ವರ್ಷಗಳಲ್ಲಿಯೂ ನಡೆದಿವೆ. ೨೦೨೧ರ ಜುಲೈ ತಿಂಗಳ ಮಳೆಗೆ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿಯಿತು. ಗುಳ್ಳಾಪುರದ ಸೇತುವೆ ಗಂಗಾವಳಿಯ ಪಾಲಾಯಿತು. ಅರಬೈಲ ಘಟ್ಟದ ಹೆದ್ದಾರಿ ಮುಚ್ಚಿತು. ಅಂತಹ ರಾತ್ರಿಯಲ್ಲಿ ಬೇನೆ ತೊಡಗಿದವಳಿಗೆ ಎರಡು ಗಂಟೆಯೆಂಬುದು ಎಷ್ಟು ದೂರ!

ರಸ್ತೆಗೆ ಬಂದರೆ ಸಾಲದು. ಶಿರಸಿಯ ಪಂಡಿತ ಸಾರ್ವಜನಿಕ ಆಸ್ಪತ್ರೆಯಂತಹ ತಾಲೂಕು ಆಸ್ಪತ್ರೆಗಳು ಸಾವಿರಾರು ಹೆರಿಗೆಗಳನ್ನು ಕಂಡಿವೆ, ನಿಜ. ಆದರೆ ಕೈಮೀರಿದ ರೋಗಿಯನ್ನು ಅಲ್ಲಿಂದ ಮುಂದೆ ಕಳಿಸಬೇಕಾದರೆ ಹುಬ್ಬಳ್ಳಿ ಶಿರಸಿಗೆ ಸುಮಾರು ೧೦೦ ಕಿಲೋಮೀಟರು, ಯಲ್ಲಾಪುರಕ್ಕೆ ಸುಮಾರು ೭೦. ಸಿದ್ದಾಪುರದವರು ಸಾಗರವನ್ನು ದಾಟಿ ಶಿವಮೊಗ್ಗೆಗೆ ಹೋಗಬೇಕು. ೨೦೨೨ರಲ್ಲಿ ಉತ್ತರ ಕನ್ನಡದ ಜನ ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂದು ಬೀದಿಗಿಳಿದು ಕೇಳಿದ್ದು ಸುಮ್ಮನೆ ಅಲ್ಲ.

ದಾರಿ ದೂರವಾದಾಗ ಔಷಧವನ್ನೇ ಮನೆಯ ಹತ್ತಿರಕ್ಕೆ ತರಬಹುದೆ? ಈ ಪ್ರಶ್ನೆಗೆ ಉತ್ತರ ಹುಡುಕಿದ್ದು ನೆರೆಯ ಬೆಳಗಾವಿ ಜಿಲ್ಲೆಯಲ್ಲಿ. ಅಲ್ಲಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರೂ ಅಮೆರಿಕದ ಸಂಶೋಧಕರೂ ಕೂಡಿ ೨೦೦೨ರಿಂದ ೨೦೦೫ರವರೆಗೆ ಹಳ್ಳಿಯ ೧,೬೨೦ ಹೆಂಗಸರಲ್ಲಿ ಒಂದು ಪರೀಕ್ಷೆ ನಡೆಸಿದರು. ಹೆರಿಗೆ ನಡೆದದ್ದು ಮನೆಗಳಲ್ಲಿ ಇಲ್ಲವೇ ಉಪಕೇಂದ್ರಗಳಲ್ಲಿ. ಹೆರಿಗೆ ಮಾಡಿಸಿದವರು ಸಹಾಯಕ ದಾದಿಯರು. ಮಗು ಹುಟ್ಟಿದೊಡನೆ ಅರ್ಧದಷ್ಟು ಮಂದಿಗೆ ಮಿಸೊಪ್ರೊಸ್ಟಾಲ್ ಎಂಬ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಮಾತ್ರೆ. ಸೋರಿದ ರಕ್ತವನ್ನು ಕಣ್ಣಂದಾಜಿನಲ್ಲಿ ಬಿಡದೆ, ಅಳತೆಯ ಗೀರುಗಳಿದ್ದ ಹಾಳೆಚೀಲವನ್ನು ಕೆಳಗೆ ಹಾಸಿ ಅಳೆದರು. ಔಷಧ ಪಡೆಯದವರಲ್ಲಿ ನೂರಕ್ಕೆ ೧೨ ಮಂದಿಗೆ ಅತಿಸ್ರಾವವಾಗಿದ್ದರೆ, ಪಡೆದವರಲ್ಲಿ ಆದದ್ದು ೬.೪ ಮಂದಿಗೆ. ೨೦೦೬ರಲ್ಲಿ ಪ್ರಕಟವಾದ ಈ ಫಲಿತಾಂಶ ಜಗತ್ತಿನ ಬಡ ನಾಡುಗಳಿಗೆಲ್ಲ ಉಪಯೋಗಕ್ಕೆ ಬಂದಿತು. ಅತಿಸ್ರಾವ ಅರ್ಧಕ್ಕೆ ಇಳಿಯಿತು ಎಂಬುದು ಸಂತೋಷದ ಮಾತು; ಉಳಿದ ಅರ್ಧಕ್ಕೆ ದಾರಿಯೇ ಬೇಕು ಎಂಬುದು ಮರೆಯಬಾರದ ಮಾತು.

ಕಳೆದ ಎರಡು ದಶಕಗಳಲ್ಲಿ ಕರ್ನಾಟಕದ ಹೆರಿಗೆ ಮನೆಯಿಂದ ಆಸ್ಪತ್ರೆಗೆ ಸ್ಥಳ ಬದಲಿಸಿತು. ೨೦೦೫ರಲ್ಲಿ ಜನನಿ ಸುರಕ್ಷಾ ಯೋಜನೆ ಬಂದಿತು. ಆಶಾ ಕಾರ್ಯಕರ್ತೆಯರು ಮನೆ ಬಾಗಿಲಿಗೆ ಬಂದರು. ೨೦೦೮ರ ನವೆಂಬರಿನಲ್ಲಿ ೧೦೮ರ ವಾಹನ ರಸ್ತೆಗಿಳಿಯಿತು. ೨೦೦೫–೦೬ರ ಸಮೀಕ್ಷೆಯಲ್ಲಿ ನೂರಕ್ಕೆ ೬೫ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ನಡೆದಿದ್ದವು; ೨೦೧೯–೨೧ರ ವೇಳೆಗೆ ಅದು ೯೭ ಆಯಿತು. ಲಕ್ಷ ಜೀವಂತ ಜನನಗಳಿಗೆ ಸಾಯುವ ತಾಯಂದಿರ ಸಂಖ್ಯೆ ೨೦೦೧–೦೩ರಲ್ಲಿ ೨೨೮ ಇದ್ದದ್ದು ೨೦೧೮–೨೦ರಲ್ಲಿ ೬೯ಕ್ಕೆ ಇಳಿಯಿತು. ಈ ಇಳಿತಕ್ಕೆ ಆಸ್ಪತ್ರೆಯೊಂದೇ ಕಾರಣವಲ್ಲ. ಮದುವೆಯ ವಯಸ್ಸು, ಹೆರುವ ಮಕ್ಕಳ ಸಂಖ್ಯೆ, ಊಟ, ಓದು ಎಲ್ಲವೂ ಸೇರಿವೆ. ಆದರೂ ವಂಶಾವಳಿಯ ಎರಡನೆಯ ಹೆಂಡತಿಯ ಸಾಲು ಅಳಿಸಿಹೋದದ್ದರಲ್ಲಿ ಆಸ್ಪತ್ರೆಯ ಪಾಲು ದೊಡ್ಡದು.

ಇಷ್ಟಾದರೂ ಆಸ್ಪತ್ರೆಯಿಂದ ಮರಳಿದ ಬಾಣಂತಿಯರನ್ನು ಕೇಳಿದರೆ ಕೆಲವರು ಮಾತು ತೇಲಿಸುತ್ತಾರೆ. ಸಂಕಟದ ಹೊತ್ತಿನಲ್ಲಿ ಕೂಗಿದ್ದಕ್ಕೆ ಬೈಗುಳ ಕೇಳಿದವರಿದ್ದಾರೆ. ತಾಯಿಯನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿದಾಗ ಎದೆ ಒಡೆದವರಿದ್ದಾರೆ. ಇನ್ನೊಂದೆಡೆ ಕತ್ತರಿಯ ಅವಸರ. ೨೦೧೯–೨೧ರಲ್ಲಿ ರಾಜ್ಯದ ನೂರು ಹೆರಿಗೆಗಳಲ್ಲಿ ೩೧ಕ್ಕೂ ಹೆಚ್ಚು ಶಸ್ತ್ರಕ್ರಿಯೆಯಿಂದ ಆದವು. ಅವುಗಳಲ್ಲಿ ಎಷ್ಟೋ ಜೀವ ಉಳಿಸಿದವು. ಎಲ್ಲವೂ ಬೇಕಿದ್ದವೆಂದು ಹೇಳುವವರು ವೈದ್ಯರಲ್ಲಿಯೂ ಇಲ್ಲ.

ಈ ಬೇಸರದಿಂದಲೇ ದೊಡ್ಡ ಪಟ್ಟಣಗಳ ಓದಿದ ಕುಟುಂಬಗಳಲ್ಲಿ ಮನೆಯಲ್ಲೇ ಹೆರಬೇಕೆಂಬ ಹಂಬಲ ಈಗ ಕಾಣುತ್ತಿದೆ. ಇಂಗ್ಲೆಂಡಿನ ಉದಾಹರಣೆ ಅವರ ನಾಲಿಗೆಯ ತುದಿಯಲ್ಲಿರುತ್ತದೆ. ಆ ಉದಾಹರಣೆಯನ್ನು ಪೂರ್ತಿ ಓದಬೇಕು. ಅಪಾಯದ ಲಕ್ಷಣಗಳಿಲ್ಲದ ಸುಮಾರು ೬೪,೫೦೦ ಹೆಂಗಸರನ್ನು ಕುರಿತು ಅಲ್ಲಿ ೨೦೧೧ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಿಂದೆ ಹೆತ್ತ ಅನುಭವವಿದ್ದವರ ಮಕ್ಕಳಿಗೆ ಮನೆಯಲ್ಲಿ ಹೆಚ್ಚಿನ ಅಪಾಯ ಕಾಣಲಿಲ್ಲ. ಆದರೆ ಚೊಚ್ಚಲ ಹೆರಿಗೆಯಲ್ಲಿ ಮಗುವಿಗೆ ಗಂಭೀರ ತೊಂದರೆಯಾದದ್ದು ಆಸ್ಪತ್ರೆಯಲ್ಲಿ ಸಾವಿರಕ್ಕೆ ೫.೩, ಮನೆಯಲ್ಲಿ ೯.೩. ಮನೆಯಲ್ಲಿ ಹೆರಿಗೆ ಆರಂಭಿಸಿದ ಚೊಚ್ಚಲಿನವರಲ್ಲಿ ನೂರಕ್ಕೆ ೪೫ ಮಂದಿಯನ್ನು ನಡುವೆಯೋ ಹೆರಿಗೆಯ ಬಳಿಕವೋ ಆಸ್ಪತ್ರೆಗೆ ಸಾಗಿಸಬೇಕಾಯಿತು. ಸಾಗಿಸಲು ಅಲ್ಲಿ ನುರಿತ ಪ್ರಸೂತಿ ದಾದಿ ಇದ್ದಳು, ವಾಹನವಿತ್ತು, ರಸ್ತೆಯಿತ್ತು. ಆ ಮನೆಯನ್ನು ಎತ್ತಿ ತಂದು ಆಷಾಢದ ಮಳೆಯಲ್ಲಿ ಕಾಲುಸಂಕದ ಆಚೆ ಇರಿಸಿದರೆ ಲೆಕ್ಕವೇ ಬದಲಾಗುತ್ತದೆ.

ಮನೆಯ ಹೆರಿಗೆಯ ಮಹಿಮೆಗೆ ಪಾವಗಡದ ಸೂಲಗಿತ್ತಿ ನರಸಮ್ಮನವರನ್ನು ಸಾಕ್ಷಿಯಾಗಿ ಕರೆಯುವುದುಂಟು. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಪುಕ್ಕಟೆಯಾಗಿ ಮಾಡಿಸಿದ ಕೀರ್ತಿ ಅವರದು. ೨೦೧೮ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷ ಡಿಸೆಂಬರ್ ೨೫ರಂದು ಅವರು ಕಣ್ಮುಚ್ಚಿದರು. ಅವರು ತಮ್ಮ ಕೆಲಸ ಆರಂಭಿಸಿದ ಕಾಲದಲ್ಲಿ ಅಲ್ಲಿಯ ಹಳ್ಳಿಗಳಿಗೆ ಸೂಲಗಿತ್ತಿಯ ಹೊರತು ಬೇರೆ ಗತಿಯಿರಲಿಲ್ಲ ಎಂಬುದನ್ನು ಮಾತ್ರ ಮರೆಯಲಾಗದು. ಆ ಪ್ರಶಸ್ತಿ ಸಂದದ್ದು ಮನೆಯ ಗೋಡೆಗಲ್ಲ. ಯಾರೂ ಇಲ್ಲದ ಹೊತ್ತಿನಲ್ಲಿ ನಡೆದು ಬಂದ ಒಂದು ಜೊತೆ ಕಾಲಿಗೆ, ಒಂದು ಜೊತೆ ಕೈಗೆ.

ಆ ಕೈಗೆ ಆಸ್ಪತ್ರೆಯಲ್ಲಿ ಜಾಗ ದೊರೆಯಬೇಕು. ಹೆರುವವಳ ಬೆನ್ನು ನೀವಲು ಅವಳ ತಾಯಿಗೋ ಅತ್ತೆಗೋ ಅನುಮತಿ ಬೇಕು. ಪ್ರಸವಕ್ಕೆಂದೇ ಪೂರ್ಣ ತರಬೇತಿ ಪಡೆದ ದಾದಿಯರನ್ನು ತಯಾರು ಮಾಡುವ ಮಾರ್ಗಸೂಚಿಯನ್ನು ಕೇಂದ್ರ ಸರಕಾರ ೨೦೧೮ರಲ್ಲಿಯೇ ಹೊರಡಿಸಿದೆ. ಅಂಥವರು ಘಟ್ಟದ ಮೇಲಿನ ಪ್ರತಿಯೊಂದು ಆಸ್ಪತ್ರೆಯಲ್ಲಿಯೂ ಇದ್ದರೆ, ಗದರುವ ದನಿಯ ಜಾಗದಲ್ಲಿ ಸಂತೈಸುವ ದನಿ ಕೇಳಿಸೀತು.

ದಾರಿಯ ಮಾತಿಗೆ ಮಲೆನಾಡಿನ ಹಳೆಯ ಸಂಪ್ರದಾಯವೇ ಒಂದು ಉಪಾಯವನ್ನು ಹೇಳುತ್ತದೆ. ಏಳನೆಯ ತಿಂಗಳಿಗೆ ಹೂ ಮುಡಿಸಿ, ಬಸುರಿಯನ್ನು ತವರಿಗೆ ಕರೆದೊಯ್ಯುವ ಪದ್ಧತಿ ಇಂದಿನದಲ್ಲ. ದಿನ ಹತ್ತಿರವಾಗುವ ಮುನ್ನವೇ ಹೆರುವ ಜಾಗಕ್ಕೆ ಹೋಗಿ ಇರಬೇಕೆಂಬ ಬುದ್ಧಿ ಅದರಲ್ಲಿ ಇದೆ. ಆ ಬುದ್ಧಿಯನ್ನು ಇನ್ನೊಂದಿಷ್ಟು ಮುಂದಕ್ಕೆ ಒಯ್ದರೆ ಸಾಕು. ತವರು ಕಣಿವೆಯ ಆಚೆ ಇದ್ದರೆ, ಕೊನೆಯ ಎರಡು ಮೂರು ವಾರ ಪೇಟೆಯ ನೆಂಟರ ಮನೆಯೇ ತವರಾಗಲಿ. ರಕ್ತದ ಗುಂಪು ಯಾವುದು, ರಕ್ತ ಕೊಡುವವರು ಯಾರು, ರಾತ್ರಿ ವಾಹನ ತರುವವರು ಯಾರು ಎಂಬುದು ಸೀಮಂತದ ಅಡಿಗೆಯ ಪಟ್ಟಿಯ ಜೊತೆಗೇ ತೀರ್ಮಾನವಾಗಲಿ. ಹಂಡೆಯ ನೀರು ಕಾಯಲು ಅವಸರವಿಲ್ಲ. ತಾಯಿ, ಮಗು ಇಬ್ಬರೂ ಕ್ಷೇಮವಾಗಿ ಮನೆಗೆ ಮರಳಿದ ದಿನ, ಬಾಣಂತಿಯ ಎಣ್ಣೆಸ್ನಾನಕ್ಕೆ ಆ ನೀರು ಹೇಗೂ ಬೇಕೇ ಬೇಕು.