ಹತ್ತಿದ ಬೆಟ್ಟ ಇಳಿಯಬೇಕಲ್ಲ!

ಮಕ್ಕಳಿಲ್ಲದೆ, ಯಜಮಾನರಿಲ್ಲದೆ, ಬರೀ ಗೆಳತಿಯರ ಜೊತೆ ಇಡೀ ಒಂದು ದಿನ ಹೊರಗೆ ಕಳೆದವರು ನಿಮ್ಮಲ್ಲಿ ಎಷ್ಟು ಜನರಿದ್ದೀರಿ, ಹೇಳಿ? ನಾನು ಹೋದದ್ದು ನಲವತ್ತಾರನೇ ವಯಸ್ಸಿನಲ್ಲಿ, ಸಂಕ್ರಾಂತಿ ಕಳೆದ ಮೇಲೆ. ಅದೂ ಅರ್ಧ ಸುಳ್ಳು ಹೇಳಿ!

ನಾವು ಮೂವರು ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು. ಈಗ ಒಬ್ಬಳು ಮಂಡ್ಯ, ಒಬ್ಬಳು ಮಳವಳ್ಳಿ, ನಾನು ಮದ್ದೂರು. ಹೆಸರು ಬರೆದರೆ ಇಬ್ಬರೂ ಬಯ್ಯುತ್ತಾರೆ, ಊರಿನಿಂದಲೇ ಕರೆಯುತ್ತೇನೆ. ಮಳವಳ್ಳಿಯವಳು ಯಜಮಾನರನ್ನು ಕಳೆದುಕೊಂಡು ಒಂದೂವರೆ ವರ್ಷ. ಅಂದಿನಿಂದ ಮದುವೆ ಮುಂಜಿ ಹಾಗಿರಲಿ, ಸಂತೆಗೂ ಹೊರಟವಳಲ್ಲ. ಫೋನು ಮಾಡಿದರೆ ‘ಹೂಂ’, ‘ಉಹೂಂ’, ಅಷ್ಟೇ. ತಾನಾಗಿ ಒಂದು ದಿನವೂ ಮಾಡಿದ್ದಿಲ್ಲ. ಇವಳನ್ನು ಹೇಗಾದರೂ ಹೊರಡಿಸಬೇಕು ಅಂತ ನಾವಿಬ್ಬರೂ ಮಾತಾಡಿಕೊಂಡು ಪಾಂಡವಪುರದ ಕುಂತಿ ಬೆಟ್ಟ ಅಂತ ನಿಶ್ಚಯ ಮಾಡಿದೆವು. ಮನೆಯಲ್ಲಿ ಮಾತ್ರ ‘ಬೆಟ್ಟದ ದೇವಸ್ಥಾನಕ್ಕೆ’ ಅಂದೆ. ಬುಡದಲ್ಲಿ ದೇವಸ್ಥಾನ ಇರುವುದೇನೋ ನಿಜವೇ. ತುದಿಗೆ ಹತ್ತುತ್ತೇವೆ ಅನ್ನೋದನ್ನು ಬಿಟ್ಟೆ.

2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲವಲ್ಲ, ಖರ್ಚಿನ ಮಾತೇ ಬರಲಿಲ್ಲ. ಮಳವಳ್ಳಿಯವಳು ಮೊದಲ ಬಸ್ಸಿಗೆ ಮದ್ದೂರಿಗೆ ಬಂದಳು. ಇಬ್ಬರೂ ಮಂಡ್ಯಕ್ಕೆ ಹೋಗಿ ಮೂರನೆಯವಳನ್ನು ಹತ್ತಿಸಿಕೊಂಡು ಪಾಂಡವಪುರ ಸೇರಿ, ಅಲ್ಲಿಂದ ಆಟೋ ಹಿಡಿದೆವು. ಬುತ್ತಿಗೆ ನಮ್ಮೂರ ವಡೆ. 1917ರಲ್ಲಿ ರೈಲ್ವೆ ಸ್ಟೇಷನ್ನಿನಲ್ಲಿ ಹುಟ್ಟಿದ ತಿಂಡಿ ಇದು, ಪ್ರಯಾಣಕ್ಕೆಂದೇ ಹೇಳಿ ಮಾಡಿಸಿದ್ದು. ಅಕ್ಕಿಹಿಟ್ಟು, ಮೈದಾ, ಚಿರೋಟಿ ರವೆಗೆ ಕಾದ ಎಣ್ಣೆ ಬಿಟ್ಟು, ಈರುಳ್ಳಿ ಹಾಕಿ ಹಿಸುಕಿ, ನೀರು ಆದಷ್ಟೂ ಕಮ್ಮಿ ಮಾಡಿ ಕಲಸಿ. ಹದ ಉರಿಯಲ್ಲಿ ಕರಿದರೆ ಮಾರನೇ ದಿನಕ್ಕೂ ಮೆತ್ತಗಾಗದು.

ಪಾಂಡವರು ವನವಾಸದಲ್ಲಿ ತಾಯಿಯೊಡನೆ ಇಲ್ಲಿದ್ದರು ಅಂತ ಪ್ರತೀತಿ. ‘ವನವಾಸಕ್ಕೆ ಕುಂತಿ ಹೋಗಲೇ ಇಲ್ಲ, ವಿದುರನ ಮನೇಲಿ ಉಳಿದಳು’ ಅಂತ ಮಂಡ್ಯದವಳ ತಕರಾರು. ಅದಕ್ಕೆ ಮಳವಳ್ಳಿಯವಳು ಅಂದದ್ದು: ‘ಅರಗಿನ ಮನೆ ಸುಟ್ಟ ಮೇಲೆ ಬಂದಿರ್ಬೇಕು ಬುಡು. ಗಂಡ ಹೋದ ಮೇಲೆ ಐದು ಮಕ್ಕಳನ್ನ ಕಟ್ಕೊಂಡು ಬೆಟ್ಟ ಹತ್ತಿದ್ಳಲ್ಲ, ಸಾಕು.’ ಬಸ್ಸು ಹತ್ತಿದಾಗಿನಿಂದ ಅವಳಾಡಿದ ಮೊದಲ ಉದ್ದನೆ ಮಾತು ಅದು. ನಾವಿಬ್ಬರೂ ಗಪ್‌ಚಿಪ್.

ಹತ್ತಿದ್ದು ಕಷ್ಟವೆನಿಸಲಿಲ್ಲ. ಮೆಟ್ಟಿಲು, ಆಮೇಲೆ ಗುಂಡುಗಳ ಸಂದಿ, ಎತ್ತರದ ಹುಲ್ಲು, ಕೊನೆಗೆ ಬೋಳು ಬಂಡೆ. ಕೂತು, ಎದ್ದು, ನೀರು ಕುಡಿದು ತಲುಪಿದೆವು. ಮೇಲಿಂದ ಕಬ್ಬಿನ ಗದ್ದೆ, ತೆಂಗಿನ ಸಾಲು, ದೂರಕ್ಕೆ ತೊಣ್ಣೂರು ಕೆರೆ. ಗಾಳಿಗೆ ಸೆರಗು ನಿಲ್ಲದು. ವಡೆ ತಿಂದು ಹತ್ತು ಗಂಟೆಗೆ ಇಳಿಯಲು ಎದ್ದೆವು.

ಆಗ ನೋಡಿ, ನನ್ನ ಕಾಲು ಏಳಲೇ ಇಲ್ಲ. ಹತ್ತುವಾಗ ಬಂಡೆ ಮುಖದ ಮುಂದಿರುತ್ತೆ, ಇಳಿಯುವಾಗ ಕಣ್ಣ ಮುಂದೆ ಬರೀ ಆಳ. ಬಂಡೆಯ ಮೇಲೆ ಸಣ್ಣ ಗರಸು ಬೇರೆ, ನನ್ನ ಕಾಲಲ್ಲಿ ಸವೆದ ಹವಾಯಿ ಚಪ್ಪಲಿ. ಎರಡು ಹೆಜ್ಜೆಗೇ ಜರ್ರನೆ ಜಾರಿ ಕುಕ್ಕರಿಸಿದೆ. ಟಿವಿಯಲ್ಲಿ ಸ್ಕೀಯಿಂಗ್ ಅಂತ, ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದ ಬೆಟ್ಟದಲ್ಲಿ ಜಾರುವವರನ್ನು ನೋಡಿದ್ದೀರಲ್ಲ? ನಮ್ಮ ಕೊಡಗಿನ ತೆಕ್ಕಡ ಭವಾನಿ ಆ ಹಲಗೆಗಳ ಮೇಲೆ ಹಿಮದಲ್ಲಿ ಓಡುವ ಸ್ಪರ್ಧೆಗಳಲ್ಲಿ ಭಾರತದ ಪರವಾಗಿ ನಿಂತಾಕೆ. ನನ್ನದು ಹಲಗೆಯೂ ಇಲ್ಲದ, ಹಿಮವೂ ಇಲ್ಲದ ಜಾರಾಟ! ಮಂಡ್ಯದವಳು ಮೊದಲು ನಕ್ಕಳು, ಆಮೇಲೆ ಅವಳಿಗೂ ಹೆದರಿಕೆ ಹತ್ತಿತು. ನನಗೆ ಅಳುವೇ ಬಂತು. ಮನೆಗೆ ಸುಳ್ಳು ಹೇಳಿ ಬಂದಿದ್ದಕ್ಕೆ ಶಿಕ್ಷೆ ಇದು ಅಂತ ಮನಸ್ಸು ಹೇಳುತ್ತಿತ್ತು.

ಮಳವಳ್ಳಿಯವಳು ಸೀರೆಯ ಕೆಳಗೆ ಮಗನ ಕ್ಯಾನ್ವಾಸ್ ಬೂಟು ಹಾಕಿ ಬಂದಿದ್ದಳು. ಬಸ್ಸಿನಲ್ಲಿ ಅದನ್ನು ನೋಡಿ ನಾವು ಮುಸಿಮುಸಿ ನಕ್ಕಿದ್ದುಂಟು. ಅವಳು ನನಗಿಂತ ಕೆಳಗೆ ಇಳಿದು, ಅಡ್ಡಡ್ಡಲಾಗಿ ನಿಂತು ಕೈ ಚಾಚಿದಳು. ‘ಕೆಳೀಕೆ ನೋಡ್ಬ್ಯಾಡ ಕಣಮ್ಮಿ, ನನ್ನ ಮುಖ ನೋಡು. ಚಪ್ಪಲಿ ಬುಟ್ಬುಡು. ನೆಟ್ಟಗೆ ಇಳೀಬ್ಯಾಡ, ವಸಿ ಓರೆಯಾಗಿ ಬಾ.’ ಮೈ ಹಿಂದಕ್ಕೆ ವಾಲಿಸಬಾರದಂತೆ. ಹೆದರಿದವರು ವಾಲಿಸುವುದೇ ಹಿಂದಕ್ಕೆ, ಆಗ ಪಾದದ ಮೇಲಿನ ಭಾರ ತಪ್ಪಿ ಜಾರುತ್ತೆ. ಮಂಡಿ ಸ್ವಲ್ಪ ಬಗ್ಗಿಸಿ, ಇಡೀ ಅಂಗಾಲನ್ನು ಬಂಡೆಗೆ ಕೊಟ್ಟು, ಹಾವಿನ ಹಾಗೆ ಅತ್ತಿತ್ತ ಇಳಿಯಬೇಕು. ತೀರಾ ಕಡಿದಾದ ಕಡೆ ಮೂವರೂ ಕೂತೇ ಜಾರಿದೆವು. ಒಂದು ಕಡೆ ನನ್ನ ಕೈ ಹಿಡಿದವಳ ಕೈಯೂ ನಡುಗುತ್ತಿತ್ತು. ‘ನಿಂಗೆ ಹೆದರಿಕೆ ಇಲ್ವೇನೇ?’ ಅಂದೆ. ‘ಅವರು ಹೋದ ದಿನದಷ್ಟು ಇಲ್ಲ’ ಅಂದಳು. ಅಲ್ಲೇ ಬಂಡೆಯ ಮೇಲೆ ಕೂತು ಅವರ ಕೊನೆಯ ವಾರದ ಕಥೆಯೆಲ್ಲ ಹೇಳಿದಳು. ಬಿಸಿಲೇರಿ ಕಲ್ಲು ಚುರುಗುಟ್ಟುತ್ತಿದ್ದರೂ ನಾವು ಏಳಲಿಲ್ಲ. ಒಂದೂವರೆ ವರ್ಷ ನಾವು ಕೇಳದೇ ಇದ್ದ ಕಥೆ ಅದು.

ನೀವು ಹೋಗುವುದಾದರೆ ಬೆಳಿಗ್ಗೆ ಬೇಗ ಹೊರಡಿ, ನೀರು ಹೆಚ್ಚಾಗಿ ಒಯ್ಯಿರಿ. ಮಳೆಯಲ್ಲಿ ಮಾತ್ರ ಬೇಡ. ಸೀರೆಯೂ ಬೇಡ, ಚೂಡಿದಾರವೇ ಸರಿ.

ಸಂಜೆ ಮನೆ ಹೊಕ್ಕಾಗ ನಮ್ಮತ್ತೆ ನನ್ನ ಸೀರೆಯ ಹಿಂಭಾಗ ನೋಡಿದರು. ಅಂಗೈಯಗಲ ತೂತು. ‘ಏನಮ್ಮಿ, ಕೂತ್ಕೊಂಡೇ ಪ್ರದಕ್ಷಿಣೆ ಹಾಕಿದ್ಯಾ?’ ಅಂದರು. ಇದ್ದದ್ದೆಲ್ಲ ಹೇಳಿಬಿಟ್ಟೆ. ಏನೂ ಅನ್ನದೆ ಒಳಗೆ ಹೋಗಿ ಎಳ್ಳೆಣ್ಣೆ ಬಿಸಿ ಮಾಡಿ ತಂದರು. ಮೂರು ದಿನ ಮೆಟ್ಟಿಲಿಳಿಯಲು ತೊಡೆ ನಡುಗುತ್ತಿತ್ತು.

ನಾಲ್ಕನೇ ದಿನ ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದೆ, ಫೋನು ಬಂತು. ಮಳವಳ್ಳಿಯಿಂದ. ‘ಬೂಟು ತಕ್ಕೊಂಡ್ಯಾ ಇಲ್ವಾ?’ ಅಂದಳು.