ಅಕ್ರೊಪಾಂಗಿನ ನಂಟರು

ಅಕ್ರಾ ನಗರದ ಸೆಖೆಯನ್ನು ಕೆಳಗೆ ಬಿಟ್ಟು ನಮ್ಮ ವ್ಯಾನು ಅಕ್ವಾಪೆಮ್ ಬೆಟ್ಟಸಾಲು ಏರತೊಡಗಿದಂತೆ ಮಣ್ಣು ಕೆಂಪಾಯಿತು. ರಸ್ತೆಯ ಎರಡೂ ಬದಿ ಬಾಳೆ, ಪಪ್ಪಾಯಿ, ಮರಗೆಣಸು. ನಮ್ಮ ತಂಡದಲ್ಲಿದ್ದ ಪುತ್ತೂರಿನ ಹಿರಿಯರು ಕಿಟಕಿಗೆ ಮುಖವೊತ್ತಿ, “ಇದು ನಮ್ಮ ಊರೇ ಮಾರಾಯ್ರೆ!” ಎಂದರು.

ಮಂಗಳೂರಿನ ಸಭೆಯವರಾದ ನಾವು ಘಾನಾಕ್ಕೆ ಬಂದದ್ದು ನಂಟಸ್ತನ ಹುಡುಕಿಕೊಂಡು. ಬಾಸೆಲ್ ಮಿಷನ್ ಈ ಕರಾವಳಿಗೆ ಬಂದದ್ದು 1828ರಲ್ಲಿ, ಮಂಗಳೂರಿಗೆ 1834ರಲ್ಲಿ. ನಮಗೆ ಕಿಟೆಲ್ ಅವರ 1894ರ ನಿಘಂಟು ಹೇಗೋ, ಇಲ್ಲಿಯವರ ಟ್ವಿ ಭಾಷೆಗೆ ಕ್ರಿಸ್ಟಾಲರ್ ಅವರ 1881ರ ನಿಘಂಟು ಹಾಗೆ.

ಬೆಟ್ಟದ ಮೇಲಿನ ಅಕ್ರೊಪಾಂಗ್‌ಗೆ ಹೋಗುವ ದಾರಿಯಲ್ಲಿ ಮಾಂಪಾಂಗ್‌ನ ಕೋಕೋ ತೋಟಕ್ಕೆ ಇಳಿದೆವು. 1879ರಲ್ಲಿ ಫರ್ನಾಂಡೊ ಪೊ ದ್ವೀಪದಿಂದ ತಂದ ಬೀಜಗಳನ್ನು ಟೆಟೆ ಕ್ವಾರ್ಶಿ ಬಿತ್ತಿದ ನೆಲ ಅದು. ಮಿಷನ್ನಿನ ಕಾರ್ಯಾಗಾರದಲ್ಲಿ ಕಮ್ಮಾರಿಕೆ ಕಲಿತವರು ಅವರು. ನಮ್ಮಲ್ಲಿ ಅದೇ ಮಿಷನ್ ಹಂಚು ಸುಡುವುದನ್ನು, ಮಗ್ಗವನ್ನು, ಅಚ್ಚುಮೊಳೆ ಜೋಡಣೆಯನ್ನು ಕಲಿಸಿತ್ತು. ಅಡಿಕೆ ಮರಗಳ ನಡುವೆ ಕೋಕೋ ಬೆಳೆದು ಕ್ಯಾಂಪ್ಕೋಗೆ ಕೊಡುವ ನಮ್ಮ ಹಿರಿಯರು, ಕಾಂಡಕ್ಕೇ ಅಂಟಿಕೊಂಡಿದ್ದ ಹಳದಿ ಕಾಯಿಗಳನ್ನು ಮುಟ್ಟಿ ಮುಟ್ಟಿ ನೋಡಿದರು. ಕರೆದರೂ ಬರಲೊಲ್ಲರು.

ಅಕ್ರೊಪಾಂಗ್‌ನಲ್ಲಿ ಕೇಳಿದ ಕಥೆ ಮಾತ್ರ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಮೊದಲು ಬಂದ ಮಿಷನರಿಗಳನ್ನು ಜ್ವರ ಒಬ್ಬರ ಹಿಂದೊಬ್ಬರಂತೆ ಬಲಿ ತೆಗೆದುಕೊಂಡಿತು. ಬದುಕುಳಿದ ಆಂದ್ರೆಯಸ್ ರೀಸ್ 1835ರಲ್ಲಿ ಈ ಬೆಟ್ಟ ಹತ್ತಿದರು. ವರ್ಷಗಳು ಕಳೆದರೂ ಯಾರೂ ಸಭೆ ಸೇರಲಿಲ್ಲ. ಈ ದೇವರು ಬಿಳಿಯರ ದೇವರಲ್ಲವೆ, ಈ ಪುಸ್ತಕ ಓದುವ ಕಪ್ಪು ಜನರನ್ನು ತೋರಿಸಿ ಎಂದು ಇಲ್ಲಿನ ಅರಸ ಕೇಳಿದನೆಂಬುದು ಊರಿನ ಬಾಯಲ್ಲಿ ಉಳಿದುಬಂದ ಮಾತು. ಮೊಗ್ಲಿಂಗ್ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದ 1843ರಲ್ಲೇ ಜಮೈಕಾ, ಆಂಟಿಗುವಾಗಳಿಂದ ಕಪ್ಪು ಕ್ರೈಸ್ತ ಕುಟುಂಬಗಳು ಹಡಗೇರಿ ಇಲ್ಲಿಗೆ ಬಂದವು. ಸರಪಳಿ ತೊಡಿಸಿ ಸಾಗಿಸಿದ್ದವರ ಮಕ್ಕಳು, ಮೊಮ್ಮಕ್ಕಳು ತಾವಾಗಿಯೇ ಅದೇ ಸಾಗರ ದಾಟಿ ಮರಳಿದ್ದರು! ಅಕ್ರೊಪಾಂಗಿನ ಸಭೆ ಬೇರುಬಿಟ್ಟದ್ದು ಇವರಿಂದ ಎಂದೇ ನಾನು ನಂಬುತ್ತೇನೆ. ಯುರೋಪಿನವರ ಹೆಸರುಗಳಷ್ಟೇ ಗಟ್ಟಿಯಾಗಿ ಇವರ ಹೆಸರುಗಳನ್ನೂ ನಮ್ಮ ಭಾನುವಾರದ ಶಾಲೆಗಳಲ್ಲಿ ಹೇಳಿಕೊಡಬೇಕು.

ಭಾನುವಾರದ ಆರಾಧನೆಯಲ್ಲಿ ಕಾಣಿಕೆಯ ಹೊತ್ತಿಗೆ ಡೋಲು ಮೊಳಗಿತು. ಇಲ್ಲಿ ಹುಟ್ಟಿದ ವಾರದ ಪ್ರಕಾರ ಹೆಸರು, ಆ ದಿನ ಕಾಣಿಕೆಯೂ ವಾರದ ಪ್ರಕಾರವೇ. ಸೋಮವಾರದವರು, ಮಂಗಳವಾರದವರು ಎಂದು ಕರೆದಂತೆ ಗುಂಪು ಗುಂಪಾಗಿ ಬಿಳಿ ಕರವಸ್ತ್ರ ಬೀಸುತ್ತ, ಕುಣಿಯುತ್ತ ಮುಂದೆ ಬರುತ್ತಾರೆ. ಯಾವ ವಾರಕ್ಕೆ ಹೆಚ್ಚು ಕೂಡಿತೆಂದು ಕೂಗಿ ಹೇಳಿದಾಗ ಇಡೀ ದೇವಾಲಯ ಹೋ ಎನ್ನುತ್ತದೆ. ಗುರುವಾರ ಹುಟ್ಟಿದ ನಾನು ‘ಯಾ’ ಆದೆ. ಶನಿವಾರದ ನಮ್ಮ ಹಿರಿಯರು ‘ಕ್ವಾಮೆ’. ಊರಿನಲ್ಲಿ ಕೈಜೋಡಿಸಿ ಅಲುಗದೆ ನಿಲ್ಲುವ ಆ ಮನುಷ್ಯ ಕ್ವಾಮೆಗಳ ಸಾಲಿನಲ್ಲಿ ಹೆಜ್ಜೆ ಹಾಕುತ್ತ ಹೋದರು.

ಮಧ್ಯಾಹ್ನದ ಊಟಕ್ಕೆ ಬೇಯಿಸಿದ ಬಾಳೆಕಾಯಿ, ಜೊತೆಗೆ ಕೊಂಟೊಮಿರೆ. ಕೆಸುವಿನಂಥ ಎಲೆಗಳನ್ನು ಬೇಯಿಸಿ ಅರೆದು, ತಾಳೆಎಣ್ಣೆ, ಒಣಮೀನು ಹಾಕಿ ಕುದಿಸಿದ ಗಟ್ಟಿ ಸಾರು. ಈ ಎಲೆಯ ಗೆಡ್ಡೆಯನ್ನೂ ಅಂಗಳದ ಮಾವನ್ನೂ ತಂದವರು ಆ ಜಮೈಕಾದವರೇ ಎಂದರು ಊಟ ಬಡಿಸಿದ ಮನೆಯ ಆಂಟಿ.

“ಹುಣಸೆಹುಳಿ ಹಾಕದಿದ್ದರೆ ಗಂಟಲು ತುರಿಸುವುದಿಲ್ಲವೇ?” ಎಂದೆ.

“ಚೆನ್ನಾಗಿ ಬೇಯಿಸು, ಯಾ. ಏನೂ ಆಗುವುದಿಲ್ಲ,” ಎಂದು ನಕ್ಕರು.

ಪತ್ರೊಡೆಯ ವಿಷಯ ಹೇಳಿದೆ: ಅಕ್ಕಿ, ಮಸಾಲೆ ಅರೆದು ಎಲೆಗೆ ಸವರಿ, ಒಂದರ ಮೇಲೊಂದಿಟ್ಟು ಸುರುಳಿ ಸುತ್ತಿ, ಹಬೆಯಲ್ಲಿ ಬೇಯಿಸುವುದು. ಆಂಟಿ ಎರಡು ಸಲ ಕೇಳಿಸಿಕೊಂಡರು. ಮೂರನೆಯ ಸಲಕ್ಕೆ ಅಕ್ಕಿ ನೆನೆಯಲು ಹಾಕಿ, ಪಕ್ಕದ ಮನೆಯವರನ್ನೂ ಕೂಗಿ ಕರೆದು, ಎಲೆ ಕೊಯ್ಯಲು ನಮ್ಮನ್ನು ಹಿತ್ತಿಲಿಗೆ ಹೊರಡಿಸಿದರು.